ಗೇರುಬೀಜದ ಮೊದಲ ಕಂಟೇನರ್ ಪಣಂಬೂರಿಗೆ: ಕರಾರಿನಿಂದ ಗೋದಾಮಿನವರೆಗೆ

ಪಣಂಬೂರಿನ ನವಮಂಗಳೂರು ಬಂದರಿನ ಟನ್ ಲೆಕ್ಕದಲ್ಲಿ ಗೇರುಬೀಜ ತೀರಾ ಚಿಕ್ಕ ಸರಕು. ಎಂಆರ್‌ಪಿಎಲ್‌ನ ಕಚ್ಚಾತೈಲ, ಎಲ್‌ಪಿಜಿ, ಕಲ್ಲಿದ್ದಲು, ಕೆಐಒಸಿಎಲ್‌ನ ಪೆಲೆಟ್ (ಕಬ್ಬಿಣದ ಅದಿರಿನ ಉಂಡೆ), ಬೈಕಂಪಾಡಿಯ ರಿಫೈನರಿಗಳಿಗೆ ಬರುವ ತಾಳೆ ಎಣ್ಣೆ, ಇವುಗಳ ಮುಂದೆ ಬೀಜದ ಚೀಲ ಕಣ್ಣಿಗೆ ಬೀಳುವುದಿಲ್ಲ. ಆದರೆ ಕಾರ್ಕಳ, ಪುತ್ತೂರು, ಕುಂದಾಪುರ, ಬೈಂದೂರಿನ ಕಡೆ ಬೆಳಗ್ಗೆ ಬೀಜದ ಕಾರ್ಖಾನೆಗೆ ಹೋಗುವ ಹೆಂಗಸರನ್ನು ಎಣಿಸಿದರೆ ಲೆಕ್ಕ ಬೇರೆಯೇ ಆಗುತ್ತದೆ. ಊರಿನ ಬೆಳೆ ಮಾರ್ಚ್‌ನಿಂದ ಮೇವರೆಗೆ. ಅದೊಂದನ್ನೇ ನಂಬಿದರೆ ಕಾರ್ಖಾನೆ ಕೆಲವು ತಿಂಗಳಲ್ಲೇ ನಿಲ್ಲುತ್ತದೆ. ಉಳಿದ ದಿನಗಳ ಕೆಲಸ ನಡೆಯುವುದು ಆಫ್ರಿಕಾದಿಂದ ಹಡಗಿನಲ್ಲಿ ಬರುವ ಬೀಜದ ಮೇಲೆ.

ದಿನಕ್ಕೆ 2 ಟನ್ ಬೀಜ ಒಡೆಯುವ ಘಟಕಕ್ಕೆ 20 ಅಡಿಯ ಒಂದು ಕಂಟೇನರ್ ಎಂಟು ದಿನದ ಕೆಲಸ. ಇಷ್ಟು ದಿನ ಮಂಗಳೂರಿನ ದೊಡ್ಡ ಆಮದುದಾರರ ಗೋದಾಮಿನಿಂದ ಲೋಡ್ ಎತ್ತುತ್ತಿದ್ದವರು ಈಗ ನೇರವಾಗಿ ತರಿಸಲು ಹೊರಟಿದ್ದರೆ ಈ ಬರಹ ಅವರಿಗೆ. ಮೊದಲೇ ಹೇಳಿಬಿಡುವುದಾದರೆ, ಲಾಭ ನಷ್ಟವನ್ನು ತೀರ್ಮಾನಿಸುವುದು ಮೂರು ಅಂಕಿಗಳು: ತೇವಾಂಶ, ಔಟ್‌ಟರ್ನ್ (ಬೀಜದಿಂದ ಸಿಗುವ ತಿರುಳಿನ ಪ್ರಮಾಣ), ಮತ್ತು ಕಂಟೇನರ್ ನಿಮ್ಮ ಕೈಯಲ್ಲಿರುವ ದಿನಗಳು. ಟನ್ನಿಗೆ ಹತ್ತು ಡಾಲರ್ ಇಳಿಸಲು ವಾರಗಟ್ಟಲೆ ಚೌಕಾಸಿ ಮಾಡಿ ಈ ಮೂರನ್ನು ಮರೆಯುವವರೇ ಹೆಚ್ಚು.

ಯಾವ ದೇಶ, ಯಾವ ತಿಂಗಳು

ಪೂರ್ವ ಆಫ್ರಿಕಾದ ತಾಂಜಾನಿಯಾ, ಮೊಜಾಂಬಿಕ್‌ಗಳ ಬೆಳೆ ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತದೆ. ಹಡಗಿನ ದಾರಿಯೂ ಹತ್ತಿರ, ಹಾಗಾಗಿ ಬೀಜ ನಮ್ಮಲ್ಲಿಗೆ ಒಣಹವೆಯಲ್ಲೇ ಬಂದಿಳಿಯುತ್ತದೆ. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್, ಘಾನಾ, ಬೆನಿನ್, ನೈಜೀರಿಯಾಗಳಲ್ಲಿ ಕೊಯ್ಲು ಫೆಬ್ರವರಿಯಿಂದ. ಗಿನಿ ಬಿಸ್ಸಾವ್‌ನದ್ದು ಇನ್ನೂ ತಡ, ಆದರೆ ಔಟ್‌ಟರ್ನ್‌ನಲ್ಲಿ ಒಳ್ಳೆಯ ಹೆಸರು. ಪಶ್ಚಿಮದಿಂದ ಹೊರಟ ಕಂಟೇನರ್ ಕೊಲಂಬೊದಂಥ ದೊಡ್ಡ ಬಂದರಿನಲ್ಲಿ ಇಳಿದು, ಚಿಕ್ಕ ಫೀಡರ್ ಹಡಗು ಹತ್ತಿ ಪಣಂಬೂರಿಗೆ ಬರುವಾಗ ಒಂದೂವರೆ ತಿಂಗಳು ಸುಲಭವಾಗಿ ಕಳೆದಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಲೋಡ್ ಆದ ಬೀಜ ಮೇ ಕೊನೆಯ ಪತ್ತನಾಜೆ ಕಳೆದ ಮೇಲೆ, ಮಳೆ ಹಿಡಿದ ಹೊತ್ತಿಗೆ ನಿಮ್ಮ ಗೇಟಿನ ಮುಂದೆ ನಿಂತಿರುತ್ತದೆ. ಅಂಗಳದಲ್ಲಿ ಹರವಿ ಒಣಗಿಸೋಣವೆಂದರೆ ಬಿಸಿಲೆಲ್ಲಿ? ಡ್ರೈಯರ್ ಇಲ್ಲದ ಘಟಕ ಮೊದಲ ಕಂಟೇನರನ್ನು ಪೂರ್ವ ಆಫ್ರಿಕಾದಿಂದ, ಡಿಸೆಂಬರ್-ಜನವರಿಯಲ್ಲಿ ಇಳಿಯುವಂತೆ ತರಿಸುವುದೇ ಕ್ಷೇಮ. ಬೆಲೆ ತುಸು ಹೆಚ್ಚಾದರೂ ಕಲಿಕೆಯ ಖರ್ಚು ಕಡಿಮೆ.

ಕರಾರಿನಲ್ಲಿ ಏನಿರಬೇಕು

ಬೀಜದ ವ್ಯಾಪಾರದಲ್ಲಿ ಗುಣಮಟ್ಟವನ್ನು ಅಳೆಯುವುದು ಔಟ್‌ಟರ್ನ್‌ನಿಂದ. 80 ಕೆಜಿಯ ಒಂದು ಚೀಲ ಬೀಜದಲ್ಲಿ ಎಷ್ಟು ಪೌಂಡ್ ಉಪಯೋಗಕ್ಕೆ ಬರುವ ತಿರುಳು ಸಿಗುತ್ತದೆ ಎಂಬುದೇ ಆ ಅಂಕಿ. ಸಿಪ್ಪೆಯೊಳಗಿನ ಕೆಂಪು ಪೊರೆಯ ಸಮೇತ ತೂಗುವ ಲೆಕ್ಕವಿದು. 48 ಎಂದರೆ ಚೀಲಕ್ಕೆ 48 ಪೌಂಡ್, ಅಂದರೆ ಸುಮಾರು 21.8 ಕೆಜಿ.

ಪರೀಕ್ಷೆ ಮಾಡುವುದು ಹೀಗೆ. ಚೀಲಗಳಿಂದ ತೆಗೆದ ಮಾದರಿಯನ್ನೆಲ್ಲ ಒಂದೆಡೆ ಸುರಿದು ಚೆನ್ನಾಗಿ ಬೆರೆಸಿ, ರಾಶಿಯನ್ನು ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ಬಿಟ್ಟು ಉಳಿದವನ್ನು ಮತ್ತೆ ಬೆರೆಸಿ. 1 ಕೆಜಿ ಉಳಿಯುವ ತನಕ ಇದನ್ನೇ ಮಾಡಿ. ಅಷ್ಟೂ ಬೀಜಗಳನ್ನು ಎಣಿಸಿ ಬರೆದುಕೊಳ್ಳಿ. ಕೆಜಿಗೆ 180ರಿಂದ 200 ಇದ್ದರೆ ಗಾತ್ರ ಚೆನ್ನಾಗಿದೆ, 220 ದಾಟಿದರೆ ಚಿಕ್ಕ ಬೀಜ. ಆಮೇಲೆ ಒಂದೊಂದನ್ನೂ ಕತ್ತರಿಸಿ ತಿರುಳು ಬೇರ್ಪಡಿಸಿ. ಒಳ್ಳೆಯದು ಒಂದು ಕಡೆ, ಚುಕ್ಕೆ ಬಿದ್ದದ್ದು ಮತ್ತು ಪೂರ್ತಿ ಬಲಿಯದ್ದು ಇನ್ನೊಂದು ಕಡೆ, ಕೊಳೆತದ್ದು, ಎಣ್ಣೆ ಹೀರಿದ್ದು, ಜೊಳ್ಳು ಮತ್ತೊಂದು ಕಡೆ. ಒಳ್ಳೆಯದರ ಪೂರ್ತಿ ತೂಕಕ್ಕೆ ಎರಡನೆಯದರ ಅರ್ಧ ತೂಕ ಸೇರಿಸಿ 0.1764ರಿಂದ ಗುಣಿಸಿ. ಒಳ್ಳೆಯ ತಿರುಳು 258 ಗ್ರಾಂ, ಚುಕ್ಕೆಯದು 20 ಗ್ರಾಂ ಇದ್ದರೆ 258 ಮತ್ತು 10 ಸೇರಿ 268, ಔಟ್‌ಟರ್ನ್ 47.3. ಕತ್ತರಿಸುವವರು ಕೈಗವಸು ಹಾಕಿರಲಿ. ಸಿಪ್ಪೆ ಎಣ್ಣೆ ಚರ್ಮ ಸುಡುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಆದರೂ ಆತುರದಲ್ಲಿ ಬರಿಗೈಯಲ್ಲಿ ಕೂರುವವರು ಇದ್ದೇ ಇರುತ್ತಾರೆ.

ಕರಾರಿನಲ್ಲಿ ಎರಡು ಔಟ್‌ಟರ್ನ್ ಅಂಕಿ ಬರೆಸಿ: ಬೆಲೆಗೆ ಆಧಾರವಾದದ್ದು, ಮತ್ತು ಅದಕ್ಕಿಂತ ಇಳಿದರೆ ಸರಕು ನಿರಾಕರಿಸುವ ಹಕ್ಕು ಸಿಗುವಂಥದ್ದು. ಆಧಾರ 48, ನಿರಾಕರಣೆ 46 ಎಂದಿಟ್ಟುಕೊಳ್ಳಿ. ಟನ್ನಿಗೆ 1,400 ಡಾಲರ್ ದರ, ಇಳಿದ ಬೀಜ 46.5 ಬಂತು. ಅನುಪಾತದ ಪ್ರಕಾರ ದರ 1,356.25 ಡಾಲರ್ ಆಗಬೇಕು. 16 ಟನ್ನಿಗೆ 700 ಡಾಲರ್ ವ್ಯತ್ಯಾಸ. ಈ ಕಡಿತ ಯಾವ ಪರೀಕ್ಷೆಯ ಮೇಲೆ ಎಂಬುದೇ ಕರಾರಿನ ಜೀವ. ‘ಲೋಡಿಂಗ್ ಬಂದರಿನ ವರದಿಯೇ ಅಂತಿಮ’ ಎಂದು ಬರೆದುಕೊಟ್ಟರೆ ಒಂದೂವರೆ ತಿಂಗಳ ಪ್ರಯಾಣದ ನಷ್ಟವೆಲ್ಲ ನಿಮ್ಮ ತಲೆಗೆ. ಇಳಿದ ಮೇಲೆ, ಇಬ್ಬರೂ ಒಪ್ಪಿದ ಸರ್ವೇಯರ್ (ಸರಕು ಪರೀಕ್ಷಕ) ತೆಗೆದ ಮಾದರಿಯೇ ಅಂತಿಮ ಎಂದಿರಲಿ. ಹಣದ ಒಂದು ಚಿಕ್ಕ ಪಾಲು ಆ ವರದಿಯ ನಂತರವೇ ಹೋಗುವಂತಿರಲಿ. ಪೂರ್ತಿ ಹಣ ಕೈಸೇರಿದ ಮೇಲೆ ಸಾವಿರಾರು ಮೈಲಿ ದೂರದಲ್ಲಿರುವವನು ಕಡಿತದ ಹಣ ಮರಳಿಸುತ್ತಾನೆಂದು ನಂಬಿ ಕೂರಬೇಡಿ.

ತೇವಾಂಶಕ್ಕೆ ಗರಿಷ್ಠ 10 ಶೇಕಡಾ ಎಂದು ಹಾಕುವುದು ವಾಡಿಕೆ. ಆದರೆ 10ರಲ್ಲಿ ಕೊಂಡ ಬೀಜವನ್ನು ದಾಸ್ತಾನಿಗೆ 8ಕ್ಕೆ ಒಣಗಿಸಿದರೆ 16 ಟನ್ನಿನಲ್ಲಿ 348 ಕೆಜಿ ನೀರಾಗಿ ಹಾರಿಹೋಗುತ್ತದೆ. ನಾಲ್ಕು ಚೀಲಕ್ಕಿಂತ ಹೆಚ್ಚು. ದರ ಕಟ್ಟುವಾಗ ಇದನ್ನು ಸೇರಿಸಿಕೊಳ್ಳಿ. ಕಸ ಕಡ್ಡಿ ಕಲ್ಲಿಗೆ 1 ಶೇಕಡಾದೊಳಗಿನ ಮಿತಿ, ಕೆಜಿಗೆ ಬೀಜದ ಸಂಖ್ಯೆ, ಹಿಂದಿನ ವರ್ಷದ ಹಳೆಯ ಬೀಜ ಬೆರೆಸಬಾರದೆಂಬ ಮಾತು, ಇವೂ ಕರಾರಿನಲ್ಲಿರಲಿ. ಹಳೆಯ ಬೀಜದ ಸಿಪ್ಪೆ ಮಂಕಾಗಿರುತ್ತದೆ, ತಿರುಳಿನ ಬಣ್ಣ ಹಳದಿಗೆ ತಿರುಗಿರುತ್ತದೆ.

ಲೋಡ್ ಆಗುವಾಗ

20 ಅಡಿಯ ಕಂಟೇನರಿನಲ್ಲಿ 80 ಕೆಜಿಯ ಸುಮಾರು 200 ಗೋಣಿಚೀಲ, 16 ಟನ್. ಬೀಜ ಹಡಗಿನಲ್ಲಿ ಕೆಡುವುದಕ್ಕೆ ಮುಖ್ಯ ಕಾರಣ ಸಮುದ್ರದ ನೀರೆಂದು ಹಲವರು ತಿಳಿದಿದ್ದಾರೆ. ನೀರು ಬರುವುದು ಬೀಜದೊಳಗಿಂದಲೇ. ಹಗಲು ಕಬ್ಬಿಣದ ಪೆಟ್ಟಿಗೆ ಕಾದಾಗ ಬೀಜ, ಚೀಲ ಎರಡೂ ತೇವ ಬಿಡುತ್ತವೆ, ರಾತ್ರಿ ಚಾವಣಿ ತಣ್ಣಗಾದಾಗ ಆ ಆವಿ ಹನಿಯಾಗಿ ಮೇಲಿನ ಸಾಲಿನ ಚೀಲದ ಮೇಲೆ ಬೀಳುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಮೇಲಿನ ಎರಡು ಸಾಲು ಮತ್ತು ಬಾಗಿಲ ಬಳಿಯ ಚೀಲಗಳು ಬೂಷ್ಟು ಹಿಡಿಯುತ್ತವೆ. ಆದ್ದರಿಂದ ನಿಮ್ಮ ಸರ್ವೇಯರ್‌ಗೆ ಲಿಖಿತವಾಗಿ ಸೂಚಿಸಿ: ಖಾಲಿ ಕಂಟೇನರ್ ಒಳಗೆ ನಿಂತು ಬಾಗಿಲು ಮುಚ್ಚಿಸಿ ಎಲ್ಲಿಂದಲಾದರೂ ಬೆಳಕು ಬರುತ್ತದೆಯೇ ನೋಡಬೇಕು; ನೆಲದ ಹಲಗೆ ಒಣಗಿರಬೇಕು; ಗೋಡೆ, ನೆಲ, ಬಾಗಿಲಿಗೆ ಕ್ರಾಫ್ಟ್ ಕಾಗದ ಹೊದಿಸಬೇಕು, ಎಲ್ಲ ಮುಗಿದ ಮೇಲೆ ಚೀಲಗಳ ನೆತ್ತಿಗೂ ಒಂದು ಹೊದಿಕೆ; ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳನ್ನು ಎರಡೂ ಬದಿಯ ಕೊಂಡಿಗಳಿಗೆ ತೂಗುಹಾಕಬೇಕು. ಲೋಡ್ ಆಗುತ್ತಿರುವಾಗಿನ ತೇವಾಂಶದ ಅಳತೆ, ಸೀಲ್ ನಂಬರಿನ ಫೋಟೊ ಅದೇ ದಿನ ನಿಮಗೆ ಬರಬೇಕು. ಬೀಜವೇ 11, 12 ಶೇಕಡಾ ತೇವದಲ್ಲಿದ್ದರೆ ಮಾತ್ರ ಈ ಯಾವ ಕಾಗದವೂ ಕಾಪಾಡುವುದಿಲ್ಲ.

ಹಡಗು ಬರುವ ಮೊದಲಿನ ಕಾಗದಪತ್ರ

ಆಮದಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವಾದ ಡಿಜಿಎಫ್‌ಟಿಯ ಐಇಸಿ (ಆಮದು-ರಫ್ತು ಕೋಡ್) ಸಂಖ್ಯೆ, ಜಿಎಸ್‌ಟಿ ನೋಂದಣಿ ಬೇಕೇಬೇಕು. ಕಸ್ಟಮ್ಸ್ ಕೆಲಸಕ್ಕೆ ಪಣಂಬೂರಿನಲ್ಲೇ ಕಚೇರಿ ಇರುವ, ಗೇರುಬೀಜ ಬಿಡಿಸಿ ಅನುಭವವಿರುವ ಏಜೆಂಟರನ್ನು ಹಿಡಿಯಿರಿ. ಯಂತ್ರದ ಬಿಡಿಭಾಗ ಬಿಡಿಸುವವರಿಗೆ ಸಸ್ಯ ಸಂಗರೋಧದ (ಕೀಟ, ರೋಗ ಒಳಬಾರದಂತೆ ತಡೆಯುವ ತಪಾಸಣೆ) ಗೋಜಲು ತಿಳಿದಿರುವುದಿಲ್ಲ.

ಮಾರುವವನಿಂದ ಬರಬೇಕಾದವು ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ (ಸರಕಿಗೆ ಹಡಗು ಕಂಪನಿ ಕೊಡುವ ಪತ್ರ), ಮೂಲ ದೇಶದ ಪ್ರಮಾಣಪತ್ರ, ಸಸ್ಯ ಆರೋಗ್ಯ ಪ್ರಮಾಣಪತ್ರ, ಧೂಮೀಕರಣ (ಅನಿಲದಿಂದ ಹುಳು ಕೊಲ್ಲುವುದು) ಪ್ರಮಾಣಪತ್ರ, ತೂಕ ಮತ್ತು ಗುಣಮಟ್ಟದ ವರದಿ. ಮೂಲ ಪ್ರತಿ ಬ್ಯಾಂಕಿಗೆ ಹೋಗುವ ಮೊದಲು ಎಲ್ಲದರ ಕರಡನ್ನು ತರಿಸಿ, ಮೇಜಿನ ಮೇಲೆ ಸಾಲಾಗಿ ಹರಡಿ, ಒಂದೊಂದೇ ಅಂಕಿ ಹೋಲಿಸಿ. ಕಂಟೇನರ್ ನಂಬರು, ಸೀಲ್ ನಂಬರು, ಚೀಲಗಳ ಸಂಖ್ಯೆ, ನಿವ್ವಳ ಮತ್ತು ಒಟ್ಟು ತೂಕ, ನಿಮ್ಮ ಸಂಸ್ಥೆಯ ಹೆಸರಿನ ಕಾಗುಣಿತ ಎಲ್ಲದರಲ್ಲೂ ಒಂದೇ ಇರಬೇಕು. ಸಸ್ಯ ಆರೋಗ್ಯ ಪತ್ರದಲ್ಲಿ ಕಂಟೇನರ್ ನಂಬರಿನ ಒಂದು ಅಂಕಿ ತಪ್ಪಿದರೂ ತಿದ್ದುಪಡಿ ಆಫ್ರಿಕಾದಿಂದಲೇ ಬರಬೇಕು, ಅಷ್ಟು ದಿನ ಕಂಟೇನರ್ ಯಾರ್ಡಿನಲ್ಲಿ ಬಾಡಿಗೆ ತಿನ್ನುತ್ತದೆ. ಧೂಮೀಕರಣದ ಔಷಧ, ಪ್ರಮಾಣ, ಅವಧಿ ಆ ಪತ್ರದಲ್ಲೇ ನಮೂದಾಗಿರಬೇಕು. ಇಲ್ಲದಿದ್ದರೆ ಇಲ್ಲಿ ಮತ್ತೊಮ್ಮೆ ಮಾಡಿಸುವ ಖರ್ಚು ಮತ್ತು ಕಾಯುವ ದಿನಗಳು. ನಿಮ್ಮ ಸರಕಿಗೆ ಆಮದು ಪರವಾನಗಿಯೂ ಬೇಕೇ ಎಂಬುದನ್ನು ಕರಾರಿಗೆ ಸಹಿ ಹಾಕುವ ಮೊದಲೇ ಸಸ್ಯ ಸಂಗರೋಧ ಕೇಂದ್ರದಲ್ಲಿ ಏಜೆಂಟರ ಮೂಲಕ ಖಚಿತಪಡಿಸಿಕೊಳ್ಳಿ.

ಸಿಪ್ಪೆ ಸಹಿತ ಬೀಜದ ಸುಂಕ ಶೀರ್ಷಿಕೆ 0801 31 00. 2018ರ ಬಜೆಟ್‌ನಲ್ಲಿ ಮೂಲ ಸುಂಕವನ್ನು 5ರಿಂದ 2.5 ಶೇಕಡಾಕ್ಕೆ ಇಳಿಸಲಾಯಿತು. ಆ ದರದಲ್ಲಿ ಲೆಕ್ಕ ಹೀಗೆ ಬರುತ್ತದೆ. ಕಸ್ಟಮ್ಸ್ ಒಪ್ಪುವ ಮೌಲ್ಯ 20 ಲಕ್ಷ ರೂಪಾಯಿ ಎಂದುಕೊಳ್ಳಿ. ಮೂಲ ಸುಂಕ 50,000. ಅದರ ಮೇಲೆ 10 ಶೇಕಡಾ ಸಮಾಜ ಕಲ್ಯಾಣ ಸರ್ಚಾರ್ಜ್ 5,000. ಮೌಲ್ಯಕ್ಕೆ ಇವೆರಡೂ ಸೇರಿದ 20,55,000ದ ಮೇಲೆ 5 ಶೇಕಡಾ ಐಜಿಎಸ್‌ಟಿ 1,02,750. ಕಟ್ಟಬೇಕಾದದ್ದು ಒಟ್ಟು 1,57,750 ರೂಪಾಯಿ. ಐಜಿಎಸ್‌ಟಿ ಮುಂದೆ ಕ್ರೆಡಿಟ್ ಆಗಿ ಸಿಗುತ್ತದೆ, ಆದರೆ ಅವತ್ತಿನ ದಿನ ಹಣ ಖಾತೆಯಲ್ಲಿರಬೇಕು. ದರಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುವುದರಿಂದ ಹಡಗು ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. ತಾಂಜಾನಿಯಾ, ಮೊಜಾಂಬಿಕ್, ಬೆನಿನ್, ಗಿನಿ ಬಿಸ್ಸಾವ್ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿವೆ. ಆ ದೇಶಗಳಿಗಿರುವ ಸುಂಕ ರಿಯಾಯಿತಿ ನಿಮ್ಮ ಸರಕಿಗೆ ಅನ್ವಯಿಸುತ್ತದೆಯೇ, ಅದಕ್ಕೆ ಮೂಲ ಪ್ರಮಾಣಪತ್ರ ಯಾವ ನಮೂನೆಯಲ್ಲಿರಬೇಕು ಎಂದು ಕೇಳಿ. ಐವರಿ ಕೋಸ್ಟ್, ಘಾನಾ, ನೈಜೀರಿಯಾ ಆ ಪಟ್ಟಿಯಲ್ಲಿಲ್ಲ. ತಿರುಳನ್ನು ರಫ್ತು ಮಾಡುವ ಷರತ್ತಿನ ಮೇಲೆ ಸುಂಕವಿಲ್ಲದೆ ತರಿಸುವ ಅಡ್ವಾನ್ಸ್ ಆಥರೈಸೇಶನ್ ದಾರಿಯೂ ಇದೆ. ಊರಿನ ಮಾರುಕಟ್ಟೆಗೇ ಮಾರುವವರು ಅದರ ತಂಟೆಗೆ ಹೋಗಬೇಡಿ. ರಫ್ತು ತಪ್ಪಿದರೆ ಸುಂಕವನ್ನು ಬಡ್ಡಿಯೊಂದಿಗೆ ಕಟ್ಟಬೇಕಾಗುತ್ತದೆ.

ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆಯಾದ ಬಿಲ್ ಆಫ್ ಎಂಟ್ರಿಯನ್ನು ಹಡಗು ತಲುಪುವ ದಿನದ ಹಿಂದಿನ ದಿನ ಮುಗಿಯುವುದರೊಳಗೆ ಸಲ್ಲಿಸಿರಬೇಕು. ರಜಾದಿನವೂ ಈ ಲೆಕ್ಕಕ್ಕೆ ಸೇರುತ್ತದೆ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ ದಂಡ. ಸುಂಕ ಕಟ್ಟಲು ತಡಮಾಡಿದರೆ ವರ್ಷಕ್ಕೆ 15 ಶೇಕಡಾದಂತೆ ಬಡ್ಡಿ ಓಡುತ್ತದೆ. ಪಶ್ಚಿಮ ಆಫ್ರಿಕಾದ ಸರಕಿಗೆ ಕಾಗದ ಮೊದಲು, ಹಡಗು ಆಮೇಲೆ. ಪೂರ್ವ ಆಫ್ರಿಕಾದ್ದು ಕೆಲವೊಮ್ಮೆ ತಿರುಗಾಮುರುಗಾ: ಹಡಗು ಬಂದು ನಿಂತಿರುತ್ತದೆ, ಮೂಲ ಬಿಲ್ ಆಫ್ ಲೇಡಿಂಗ್ ಇನ್ನೂ ಯಾವುದೋ ಬ್ಯಾಂಕಿನ ಮೇಜಿನ ಮೇಲಿರುತ್ತದೆ. ಲೋಡ್ ಆದ ಎಷ್ಟು ದಿನದೊಳಗೆ ದಾಖಲೆ ಬ್ಯಾಂಕಿಗೆ ಸೇರಬೇಕೆಂದು ಕರಾರಿನಲ್ಲೇ ಬರೆಯುವುದು ಇದಕ್ಕಾಗಿ.

ಬಂದರಿನಲ್ಲಿ ಓಡುವ ಎರಡು ಮೀಟರ್

ಪಣಂಬೂರಿನಲ್ಲಿ ಕಂಟೇನರ್ ಇಳಿಯುವುದು 14ನೇ ಬರ್ತಿನ ಟರ್ಮಿನಲ್‌ನಲ್ಲಿ. ಇಳಿದ ಕ್ಷಣದಿಂದ ಎರಡು ಮೀಟರ್ ಒಟ್ಟಿಗೆ ಓಡತೊಡಗುತ್ತವೆ, ಹೊಸಬರು ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಯಾರ್ಡಿನ ಜಾಗಕ್ಕೆ ಟರ್ಮಿನಲ್ ಹಾಕುವುದು ಒಂದು. ತನ್ನ ಡಬ್ಬಿಯನ್ನು, ಅಂದರೆ ಕಂಟೇನರನ್ನು, ನೀವು ಇಟ್ಟುಕೊಂಡದ್ದಕ್ಕೆ ಹಡಗು ಕಂಪನಿ ಹಾಕುವುದು ಇನ್ನೊಂದು. ಮೊದಲನೆಯದು ಗೇಟು ದಾಟಿದಾಗ ನಿಲ್ಲುತ್ತದೆ. ಎರಡನೆಯದು ಖಾಲಿ ಡಬ್ಬಿ ಹಿಂದಿರುಗಿಸಿ ರಸೀದಿ ಪಡೆಯುವ ತನಕ ನಿಲ್ಲುವುದಿಲ್ಲ. ಇದರ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಅದೂ ಡಾಲರಿನಲ್ಲಿ. ಉಚಿತ ದಿನಗಳನ್ನು ಬುಕಿಂಗ್ ಹೊತ್ತಿಗೇ ಕೇಳಬೇಕು. 14 ದಿನ ಸಿಗುವಂತೆ ಮಾರುವವನು ಮಾತಾಡಲಿ, ಅದು ಬಿಲ್ ಆಫ್ ಲೇಡಿಂಗ್ ಮೇಲೋ ಬುಕಿಂಗ್ ಪತ್ರದಲ್ಲೋ ಅಚ್ಚಾಗಿರಲಿ. ಫೋನಿನಲ್ಲಿ ‘ಕೊಡಿಸುತ್ತೇನೆ’ ಎಂದದ್ದಕ್ಕೆ ಬಿಲ್ ಬಂದಾಗ ಬೆಲೆಯಿಲ್ಲ.

ಕ್ರಮ ಸರಳ. ಹಡಗು ಕಂಪನಿಗೆ ಮೂಲ ಬಿಲ್ ಆಫ್ ಲೇಡಿಂಗ್ ಒಪ್ಪಿಸಿ, ಸ್ಥಳೀಯ ಶುಲ್ಕ ಕಟ್ಟಿ ಡೆಲಿವರಿ ಆರ್ಡರ್ (ಸರಕು ಕೊಡುವಂತೆ ಆದೇಶ) ಪಡೆಯುವುದು. ಅಷ್ಟರಲ್ಲಿ ಸಸ್ಯ ಸಂಗರೋಧದವರ ತಪಾಸಣೆ, ಕಸ್ಟಮ್ಸ್ ಮೌಲ್ಯಮಾಪನ, ಸುಂಕ ಪಾವತಿ, ಔಟ್ ಆಫ್ ಚಾರ್ಜ್ (ಸರಕು ಬಿಡುವ ಕಸ್ಟಮ್ಸ್ ಅನುಮತಿ). ಮಾದರಿ ತೆಗೆಯಲು ಬಂದವರಿಗೆ ಚೀಲದಲ್ಲಿ ಜೀವಂತ ಹುಳು ಸಿಕ್ಕಿದರೆ ಮತ್ತೆ ಧೂಮೀಕರಣ ತಪ್ಪದು. ಮಳೆಗಾಲದಲ್ಲಿ ಫೀಡರ್ ಹಡಗು ದಿನ ತಪ್ಪಿಸುವುದುಂಟು; ಎರಡು ಮೂರು ಕಂಟೇನರ್ ಬೇರೆ ಬೇರೆ ವಾರ ಬರುತ್ತವೆಂದು ಲೆಕ್ಕ ಹಾಕಿದ್ದರೆ ಎಲ್ಲವೂ ಒಂದೇ ಹಡಗಿನಲ್ಲಿ ಬಂದುಬಿಡಬಹುದು. ಜಾಗ, ಹಣ, ಲಾರಿ ಮೂರಕ್ಕೂ ಅಷ್ಟು ಸಡಿಲ ಬಿಟ್ಟುಕೊಂಡಿರಿ.

ಗೇಟಿನಿಂದ ಕಾರ್ಖಾನೆಗೆ

ಟ್ರೈಲರ್ ಕಳಿಸುವ ಮೊದಲು ಕಾರ್ಖಾನೆಯ ದಾರಿಯನ್ನು ಒಮ್ಮೆ ಅಳೆಯಿರಿ. ಕಂಟೇನರ್ ಎತ್ತರ 2.6 ಮೀಟರ್, ಟ್ರೈಲರ್ ಹಾಸು ಸುಮಾರು 1.5 ಮೀಟರ್, ನೆಲದಿಂದ 4.1 ಮೀಟರ್ ಆಯಿತು. ಎತ್ತರ ಹೆಚ್ಚಿರುವ ಹೈಕ್ಯೂಬ್ ಡಬ್ಬಿಯಾದರೆ 4.4. ಹೆದ್ದಾರಿ 66ರ ಮೇಲೆ ತೊಂದರೆಯಿಲ್ಲ. ಒಳದಾರಿಯಲ್ಲಿ ಜೋತುಬಿದ್ದ ಕರೆಂಟು ತಂತಿ, ಗೇರು ಮರದ ಕೊಂಬೆ, ಕಾರ್ಖಾನೆಯ ಕಮಾನಿನ ಗೇಟು, ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. 40 ಅಡಿಯದು ನಮ್ಮ ಗುಡ್ಡದ ತಿರುವುಗಳಲ್ಲಿ ತಿರುಗುವುದು ಕಷ್ಟ. ದಾರಿ ಸಾಲದಿದ್ದರೆ ಬಂದರಿನ ಹತ್ತಿರದ ಕಂಟೇನರ್ ಗೋದಾಮಿನಲ್ಲೇ ಬಿಚ್ಚಿಸಿ ಲಾರಿಗೆ ತುಂಬಿಸಿ. ಖರ್ಚು ಹೆಚ್ಚು, ಆದರೆ ಖಾಲಿ ಡಬ್ಬಿ ಅವತ್ತೇ ಮರಳುತ್ತದೆ.

ತುಂಬಿದ ಗಾಡಿಯನ್ನು ತೂಗಿಸಿ, ಖಾಲಿಯಾದ ಮೇಲೆ ಅದೇ ವೇಬ್ರಿಜ್‌ನಲ್ಲಿ ಮತ್ತೆ ತೂಗಿಸಿ. ಸೀಲ್ ಒಡೆಯುವ ಮೊದಲು ನಂಬರಿನ ಫೋಟೊ. ಬಾಗಿಲು ತೆರೆದ ತಕ್ಷಣ ಯಾರನ್ನೂ ಒಳಗೆ ಹತ್ತಿಸಬೇಡಿ: ಧೂಮೀಕರಣದ ಅನಿಲ ಉಳಿದಿರಬಹುದು, ಮೀಥೈಲ್ ಬ್ರೋಮೈಡ್‌ಗೆ ವಾಸನೆಯೂ ಇಲ್ಲ. ಎರಡೂ ಬಾಗಿಲು ಪೂರ್ತಿ ತೆರೆದು ಕನಿಷ್ಠ ಒಂದು ಗಂಟೆ ಗಾಳಿಯಾಡಲಿ. ಧೂಮೀಕರಣದ ಮಾತ್ರೆಯ ಬೂದಿಯ ಪೊಟ್ಟಣ ಕಂಡರೆ ಬರಿಗೈಯಲ್ಲಿ ಮುಟ್ಟಬಾರದು.

ಇಳಿಸುತ್ತ ಹೋದಂತೆ ಮಾದರಿ ತೆಗೆಯಿರಿ. ಬಾಗಿಲ ಬಳಿಯ ಹತ್ತು ಚೀಲಕ್ಕೆ ಚುಚ್ಚಿ ಕೈತೊಳೆದುಕೊಂಡರೆ ಕೆಟ್ಟ ಭಾಗದ ಅಥವಾ ಒಳ್ಳೆಯ ಭಾಗದ ಅಂದಾಜು ಮಾತ್ರ ಸಿಗುತ್ತದೆ. ಬಾಗಿಲು, ನಡು, ಹಿಂಬದಿ, ಮೇಲಿನ ಸಾಲು, ತಳ ಎಲ್ಲ ಕಡೆಯಿಂದ ಕನಿಷ್ಠ ಹತ್ತರಲ್ಲೊಂದು ಚೀಲದಂತೆ 20 ಚೀಲ. ಒದ್ದೆಯಾದವನ್ನು ಪ್ರತ್ಯೇಕವಾಗಿಟ್ಟು ಎಣಿಸಿ, ಒಳ್ಳೆಯದರ ಜೊತೆ ಬೆರೆಸಬೇಡಿ. ಒದ್ದೆ ಹೆಚ್ಚು ಕಂಡರೆ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ ವಿಮೆಯ ಸರ್ವೇಯರ್‌ಗೆ ಹೇಳಿಕಳಿಸಿ, ಚೀಲ ಇದ್ದ ಜಾಗದಲ್ಲೇ ಫೋಟೊ ತೆಗೆಯಿರಿ. ಹೊರಗೆ ಕಾಣದ ಹಾನಿಗೆ ಹಡಗು ಕಂಪನಿಗೆ ಲಿಖಿತ ನೋಟಿಸು ಮೂರು ದಿನದೊಳಗೆ ಹೋಗಬೇಕು, ದಾವೆಗೆ ಗಡುವು ಒಂದು ವರ್ಷ. ಪಾಲಿಸಿ ಕೊಳ್ಳುವಾಗಲೇ ಕಂಟೇನರ್ ಬೆವರಿ ಆಗುವ ಹಾನಿ ಸೇರಿದೆಯೇ ಎಂದು ಓದಿರಬೇಕು.

ಡಬ್ಬಿಯನ್ನು ಗುಡಿಸಿ, ಕ್ರಾಫ್ಟ್ ಕಾಗದ ಕಿತ್ತು, ಹಡಗು ಕಂಪನಿ ಹೇಳಿದ ಯಾರ್ಡಿಗೇ ಕಳಿಸಿ. ಯಾರ್ಡಿನವರು ಕೊಡುವ ರಸೀದಿಯನ್ನು ಡ್ರೈವರ್ ಜೇಬಿನಲ್ಲಿ ಬಿಡದೆ ಅವತ್ತೇ ತರಿಸಿಕೊಳ್ಳಿ. ಎರಡು ತಿಂಗಳ ಮೇಲೆ ಡೆಂಟ್ ರಿಪೇರಿಯ ಬಿಲ್ ಬಂದರೆ ಕೈಯಲ್ಲಿರುವ ಆಧಾರ ಅದೊಂದೇ.

ಗೋದಾಮು

ದಾಸ್ತಾನಿಗೆ ಬೀಜದ ತೇವಾಂಶ 8 ಶೇಕಡಾ ಅಥವಾ ಅದಕ್ಕಿಂತ ಕೆಳಗಿರಬೇಕು. ಬಿಸಿಲಿದ್ದರೆ ಸಿಮೆಂಟ್ ಅಂಗಳದಲ್ಲಿ ನಾಲ್ಕು ಬೆರಳು ದಪ್ಪ ಹರವಿ, ಗಂಟೆಗೊಮ್ಮೆ ಕೈಯಾಡಿಸುತ್ತ ಎರಡು ಮೂರು ದಿನ ಒಣಗಿಸಿ, ಸಂಜೆ ರಾಶಿ ಮಾಡಿ ಟಾರ್ಪಾಲ್ ಮುಚ್ಚಿ. ಕಿವಿಯ ಬಳಿ ಅಲುಗಾಡಿಸಿದಾಗ ತಿರುಳು ಒಳಗೆ ಗಡಗಡ ಎಂದರೆ ಒಣಗಿದೆ ಎನ್ನುವ ಹಳಬರ ಲೆಕ್ಕ ಈಗಲೂ ಸುಳ್ಳಾಗಿಲ್ಲ. ಆದರೂ ಮೀಟರಿನಲ್ಲಿ ನೋಡಿ ಬರೆದಿಡಿ. ಬಿಸಿಬಿಸಿ ಬೀಜವನ್ನು ಚೀಲಕ್ಕೆ ತುಂಬಿದರೆ ಒಳಗೇ ಬೆವರುತ್ತದೆ, ತಣಿಯಲು ಬಿಡಿ.

ಚೀಲದ ಅಟ್ಟಿ ನೇರ ನೆಲದ ಮೇಲೆ ಬೇಡ. ಗೇಣುದ್ದ ಎತ್ತರದ ಮರದ ಹಲಗೆಯ ಮೇಲೆ, ಗೋಡೆಯಿಂದ ಎರಡಡಿ ಬಿಟ್ಟು ಕಟ್ಟಿ, ಅಟ್ಟಿಗಳ ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ದಾರಿ ಇರಲಿ. ಪ್ರತಿ ಅಟ್ಟಿಗೂ ದೇಶ, ಕಂಟೇನರ್ ನಂಬರು, ಇಳಿದ ದಿನ, ತೇವಾಂಶ, ಔಟ್‌ಟರ್ನ್ ಬರೆದ ಚೀಟಿ. ಎರಡು ದೇಶದ ಬೀಜ ಬೆರೆಸಿದರೆ ಗಾತ್ರ ಬೇರೆ, ಸಿಪ್ಪೆಯ ದಪ್ಪ ಬೇರೆ. ಆವಿಯಲ್ಲಿ ಬೇಯಿಸುವಾಗ ಒಂದಕ್ಕೆ ಸರಿಯಾದದ್ದು ಇನ್ನೊಂದಕ್ಕೆ ಹೆಚ್ಚಾಗಿ, ಕತ್ತರಿಸುವಾಗ ಇಡೀ ತಿರುಳು ಕಡಿಮೆಯಾಗಿ ತುಂಡು ಹೆಚ್ಚುತ್ತದೆ. ತುಂಡಿಗೂ ಡಬ್ಲ್ಯು 240 ದರ್ಜೆಯ ಇಡೀ ತಿರುಳಿಗೂ ಇರುವ ಬೆಲೆಯ ಅಂತರ ಈ ಉದ್ಯಮದವರಿಗೆ ಗೊತ್ತಿರುವುದೇ.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಣಗಿದ ಬೀಜವೂ ಗಾಳಿಯ ತೇವ ಮರಳಿ ಹೀರುತ್ತದೆ. ಆ ದಿನಗಳಲ್ಲಿ ಗಾಳಿ ಬರಲೆಂದು ಗೋದಾಮಿನ ಬಾಗಿಲು ಹಗಲೆಲ್ಲ ತೆರೆದಿಡುವುದು ತಪ್ಪು. ಮಳೆ ಬಿಟ್ಟು ಬಿಸಿಲು ಬಂದ ಹೊತ್ತಿನಲ್ಲಿ ಮಾತ್ರ ತೆರೆದು, ಉಳಿದಂತೆ ಮುಚ್ಚಿ, ಅಟ್ಟಿಗೆ ಟಾರ್ಪಾಲ್ ಹೊದಿಸಿ. ವಾರಕ್ಕೊಮ್ಮೆ ಅಟ್ಟಿಯ ನಡುವಿನ ಚೀಲಕ್ಕೆ ಕೈ ತೂರಿಸಿ ನೋಡಿ. ಬೆಚ್ಚಗಿದ್ದರೆ ಒಳಗೆ ಕಾವು ಶುರುವಾಗಿದೆ. ಮೊದಲು ಬಂದದ್ದು ಮೊದಲು ಎಂಬ ಸರದಿ ಮುರಿದು ಆ ಅಟ್ಟಿಯನ್ನೇ ಮರುದಿನ ಬೆಳಗ್ಗೆ ಬಾಯ್ಲರ್ ಬಳಿಗೆ ಕಳಿಸಿ.